ಮುದುಕರು, ಹುಡುಗರು ಕೂಡಿ ಎರಡು ದಿನದ ಯಲ್ಲಾಪುರ ಸುತ್ತು: ನನ್ನ ಅನುಭವ

ಮೊಣಕಾಲು ನೋವಿನ ಅಜ್ಜ-ಅಜ್ಜಿಯರನ್ನೂ ವಾಂತಿ ಮಾಡುವ ಹುಡುಗರನ್ನೂ ಒಂದೇ ಗಾಡಿಯಲ್ಲಿ ಹಾಕಿಕೊಂಡು ಜಲಪಾತ ನೋಡೂದು ಆಗದ ಮಾತು ಅಂತ ಹುಬ್ಬಳ್ಳಿಯಲ್ಲಿ ಎಲ್ಲರೂ ಅಂದರು. ಆಗತೈತ್ರಿ. ಶನಿವಾರ ನಸುಕಿನ್ಯಾಗ ಬಿಟ್ಟು ರವಿವಾರ ರಾತ್ರಿ ಊಟಕ್ಕೆ ಮನೆ. ದಿನಕ್ಕೆ ಒಂದೇ ಜಲಪಾತ: ಮಾಗೋಡು ಬರೀ ನೋಡುವಂಥದ್ದು, ಸಾತೊಡ್ಡಿ ಕಾಲು ಇಳಿಬಿಡುವಂಥದ್ದು. ಹೋಗುವಾಗ ಒಂದು ಕೆರೆ, ಬರುವಾಗ ಒಂದು ಕೆರೆ.

ಮಾಗೋಡು, ಸಾತೊಡ್ಡಿ, ಉಂಚಳ್ಳಿ ಮೂರೂ ಜಲಪಾತಗಳನ್ನು ಒಂದೇ ಗಂಟಿಗೆ ಕಟ್ಟುವವರ ಪ್ಲ್ಯಾನು ಕೆಡೂದು ಇಲ್ಲೇ. ಉಂಚಳ್ಳಿ ಇರೋದು ಶಿರಸಿ ದಾಟಿ ಸಿದ್ದಾಪುರ ತಾಲ್ಲೂಕಿನಲ್ಲಿ. ಕಾಡಿನ ತಿರುವಿನಲ್ಲಿ ತಾಸಿಗೆ ಮೂವತ್ತು ಕಿ.ಮೀ. ಸಾಗಿದರೆ ದೊಡ್ಡದು.

ತಿಂಗಳು ನವೆಂಬರ್. ಜುಲೈ-ಆಗಸ್ಟಿನಲ್ಲಿ ಮಾಗೋಡಿನಲ್ಲಿ ಬರೀ ಸಪ್ಪಳ ಕೇಳಿ ಬರಬೇಕಾಗುತ್ತದೆ, ಕಣ್ಣಿಗೆ ಬಿಳಿ ಮಂಜು ಅಷ್ಟೆ. ಸಾತೊಡ್ಡಿಯಲ್ಲಿ ಆಗ ಕೆಂಪು ನೀರು, ಇಳಿಯುವ ಮಾತೇ ಇಲ್ಲ. ರಕ್ತ ಹೀರುವ ಉಂಬಳ ಬೇರೆ. ಬೇಸಿಗೆ ಏರಿದರೆ ನೀರೇ ಸಣ್ಣದು.

ಆರರೊಳಗೆ ಹುಬ್ಬಳ್ಳಿ ಬಿಡಬೇಕು, ಇಲ್ಲದಿದ್ದರೆ ಅಂಕೋಲಾ ಕಡೆಯ ಲಾರಿಗಳ ಹಿಂದೆ ಸಿಕ್ಕಿಬೀಳುತ್ತೀರಿ. ಕಲಘಟಗಿಯಲ್ಲಿ ಚಹಾ, ನಾಷ್ಟಾ. ಹುಡುಗರಿಗೆ ಅರ್ಧ ಹೊಟ್ಟೆ ಸಾಕು, ಹಾಲು ಬೇಡವೇ ಬೇಡ. ಹುಬ್ಬಳ್ಳಿಯಿಂದ ಎಪ್ಪತ್ತು ಕಿ.ಮೀ. ಆದರೆ ಯಲ್ಲಾಪುರ. ಅಲ್ಲೇ ಟಾಕಿ ತುಂಬಿಸಿ, ನಕಾಶೆ ಮೊಬೈಲಿಗೆ ಇಳಿಸಿಕೊಳ್ಳಿ. ಮುಂದೆ ನೆಟ್‌ವರ್ಕ್ ನಂಬುವಂತಿಲ್ಲ. ಮಾಗೋಡಿನ ದಾರಿಯಲ್ಲೇ ಕವಡಿಕೆರೆ, ದಂಡೆಗೆ ದೇವಿ ಗುಡಿ. ಹಿರಿಯರನ್ನು ಇಲ್ಲಿ ಒಂದು ತಾಸು ಕೂಡಿಸಿ. ಅವಸರ ಮಾಡಿ ಒಂಬತ್ತಕ್ಕೇ ಮಾಗೋಡು ಮುಟ್ಟಿದರೆ ಕಣಿವೆಯ ಮಂಜು ಇನ್ನೂ ಕರಗಿರುವುದಿಲ್ಲ. ಹನ್ನೊಂದರ ಹೊತ್ತಿಗೆ ಬೇಡ್ತಿ ಹೊಳೆ ಎರಡು ಹಂತದಲ್ಲಿ ಸುಮಾರು 200 ಮೀಟರ್ ಕೆಳಗೆ ಬೀಳೂದು ಸ್ವಚ್ಛ ಕಾಣುತ್ತದೆ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯೂ ಇದರೊಳಗೆ ಕೂಡಿಕೊಂಡೇ ಬಂದಿರುತ್ತಾಳೆ ಅಂತ ಅಜ್ಜಿಗೆ ಹೇಳಿದರೆ ಮೆಟ್ಟಿಲ ನೋವು ಅರ್ಧ ಇಳಿಯುತ್ತದೆ. ಮಧ್ಯಾಹ್ನ ರೂಮಿನಲ್ಲಿ ನಿದ್ದೆ, ಸಂಜೆ ಜೇನುಕಲ್ಲು ಗುಡ್ಡದಲ್ಲಿ ಸೂರ್ಯಾಸ್ತ.

ಬುತ್ತಿಯ ಪ್ರಯೋಗವೂ ನಡೆಯಿತು. ಕಟಕ ರೊಟ್ಟಿ ತಿಂಗಳುಗಟ್ಟಲೆ ಇರುತ್ತದೆ ಅನ್ನೋದು ನಮ್ಮ ಬಯಲುಸೀಮೆಯ ಮಾತು. ಅಲ್ಲಿಯ ತಂಪಿಗೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದು ಸಂಜೆಗೆ ಚರ್ಮದಂತೆ ಜಗ್ಗತೊಡಗಿತು, ಬಿಗಿ ಮುಚ್ಚಳದ ಡಬ್ಬಿಯಲ್ಲಿದ್ದದ್ದು ಮರುದಿನವೂ ಕಟಕ್ ಅಂದಿತು. ಮೊಸರು ಬುತ್ತಿ ಮಧ್ಯಾಹ್ನಕ್ಕೆ ಹುಳಿಯಾಗಬಾರದೆಂದರೆ ಆರಿದ ಅನ್ನಕ್ಕೆ ಹಾಲು ಜಾಸ್ತಿ ಹಾಕಿ, ಮೊಸರು ಒಂದೇ ಚಮಚ ಕಲಸಿ. ಶೇಂಗಾ ಚಟ್ನಿಗೆ ಯಾವ ತ್ರಾಸೂ ಇಲ್ಲ.

ರವಿವಾರ ಏಳಕ್ಕೇ ಸಾತೊಡ್ಡಿಗೆ ಹೊರಡಿ. ಯಲ್ಲಾಪುರದಿಂದ ಮೂವತ್ತು ಕಿ.ಮೀ. ಚಿಲ್ಲರೆ, ಕಡೆಯ ಪಟ್ಟಿ ಕಚ್ಚಾ ರಸ್ತೆ. ಏಳು ಜನ ತುಂಬಿದ ಗಾಡಿಯ ಹಿಂದಿನ ಟೈರಿಗೆ ಎರಡು-ಮೂರು ಪಾಯಿಂಟ್ ಗಾಳಿ ಹೆಚ್ಚಿಗೆ ಇರಲಿ. ಕಡಿಮೆ ಇದ್ದರೆ ಚೂಪುಗಲ್ಲು ಟೈರಿನ ಬಗಲು ಹರಿಯುತ್ತದೆ. ಸ್ಟೆಪ್ನಿ ಜೊತೆ ಒಂದು ಅಡಿ ಅಗಲದ ಹಲಗೆಯೂ ಬೇಕು, ಹಸಿ ಮಣ್ಣಿನಲ್ಲಿ ಜಾಕು ಗಾಡಿ ಎತ್ತುವುದಿಲ್ಲ, ತಾನೇ ಇಳಿಯುತ್ತದೆ. ಇಳಿಜಾರಿನಲ್ಲಿ ಎರಡನೇ ಗೇರು. ಏರುವಾಗ ಏಸಿ ಬಂದ್ ಮಾಡಿ ಮೊದಲನೇ ಗೇರು. ಅರ್ಧ ಕ್ಲಚ್ಚಿನಲ್ಲಿ ಎಳೆದರೆ ಸುಟ್ಟ ವಾಸನೆ ಬಂತೆಂದೇ ತಿಳಿಯಿರಿ.

ಗಾಡಿ ನಿಲ್ಲಿಸಿದ ಮೇಲೆ ಹಳ್ಳದ ಗುಂಟ ನಡಿಗೆ. ಹಿರಿಯರು ಪೂರ್ತಿ ಬರಬೇಕಿಲ್ಲ, ದಾರಿಯಲ್ಲೇ ನೆರಳು, ನೀರು ಎರಡೂ ಉಂಟು. ಧಾರೆ ಹದಿನೈದು ಮೀಟರಿನಷ್ಟು. ಅದರ ಬುಡಕ್ಕೆ ಹೋಗಬೇಡಿ. ಕೆಳಗಿನ ಬಂಡೆಗಳ ನಡುವೆ ಮೊಣಕಾಲುದ್ದ ನೀರೇ ಹುಡುಗರಿಗೆ ಸಾಕು. ರಬ್ಬರ್ ಚಪ್ಪಲಿ ಪಾಚಿಯ ಮೇಲೆ ನಿಲ್ಲೂದಿಲ್ಲ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಬೇಕು. ಹತ್ತೂವರೆಯ ನಂತರ ಗದ್ದಲ, ಅಷ್ಟರಲ್ಲಿ ಎದ್ದುಬಿಡಿ.

ವಾಪಸು ಮುಂಡಗೋಡ ಮೇಲೆ. ಟಿಬೆಟಿಯನ್ ಕಾಲೊನಿಯಲ್ಲಿ ಹುಡುಗರಿಗೆ ಮೋಮೋ. ಅಜ್ಜಿ ಮುಟ್ಟುವುದಿಲ್ಲ, ಉಳಿದ ರೊಟ್ಟಿ ಇದ್ದೇ ಇದೆ. ನಾಲ್ಕೂವರೆಗೆ ಕೆರೆಯ ದಂಡೆಯ ಅತ್ತಿವೇರಿ ಪಕ್ಷಿಧಾಮ. ದುರ್ಬೀನು ಮರೆಯಬೇಡಿ.

ಒಟ್ಟು 280 ಕಿ.ಮೀ. ಆಸುಪಾಸು, ಪೆಟ್ರೋಲು ಎರಡು ಸಾವಿರದ ಮೇಲೆ. ರೂಮು ಎರಡು ಸೇರಿ ಮೂರು ಸಾವಿರ, ಊಟ-ಚಹಾ-ಟಿಕೆಟ್ಟು ಎಲ್ಲ ಹಿಡಿದು ಎಂಟು ಸಾವಿರದೊಳಗೆ ಮುಗಿಯಿತು. ಅದೇ ಏಳು ಜನಕ್ಕೆ ರೆಸಾರ್ಟಿನವರು ಒಂದು ರಾತ್ರಿಗೇ ಹದಿನಾಲ್ಕು ಸಾವಿರ ಕೇಳಿದ್ದರು. ಅಷ್ಟು ಸೋವಿಯ ರೂಮು ಎಲ್ಲಿ ಸಿಕ್ಕಿತು ಅಂತ ಮಾತ್ರ ಕೇಳಬೇಡ್ರಿ. ದೀಪಾವಳಿ ರಜೆಗೆ ನಮಗೇ ಅದು ಬೇಕಾಗೈತಿ.