ಹಿತ್ತಿಲ ಮಣ್ಣಲ್ಲಿ ಸೀಸ: ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಮಾಡಿದ್ದು

ತರಕಾರಿ ಬೆಳೆಯುವ ಮುಂಚೆ ಮಾಡಿಸಿದ ಹಿತ್ತಿಲ ಮಣ್ಣಿನ ರಿಪೋರ್ಟ್ ಬಂದ ದಿನ ನಮ್ಮ ಹೌಸಿಂಗ್ ಸೊಸೈಟಿಯವರೆಲ್ಲ ಹೆದರಿದ್ದು ನಿಕ್ಕಲ್, ಕ್ರೋಮಿಯಂ ಮತ್ತು ತಾಮ್ರದ ಅಂಕಿ ನೋಡಿ. ಮೂರೂ ದೊಡ್ಡದಾಗಿದ್ದವು. ಸೆಕ್ರೆಟರಿ ಆ ಸಾಲುಗಳಿಗೆ ಕೆಂಪು ಗೆರೆ ಎಳೆದು ಎಲ್ಲರಿಗೂ ವಾಟ್ಸಾಪ್ ಮಾಡಿದ್ದರು. ನನ್ನ ಕಣ್ಣು ಹೋಗಿದ್ದು ಯಾರೂ ಗೆರೆ ಎಳೆಯದ ಸೀಸದ ಸಾಲಿಗೆ.

ಮುಂಬೈ, ಠಾಣೆ, ಡೊಂಬಿವಲಿ, ಅತ್ತ ಪುಣೆ, ಇವೆಲ್ಲ ಡೆಕ್ಕನ್ ಟ್ರಾಪ್‌ನ ಕಪ್ಪು ಬಸಾಲ್ಟ್ ಕಲ್ಲಿನ ಮೇಲೆ ಕೂತ ಊರುಗಳು. ಲಾವಾ ಹರಿದು ಆದ ಕಲ್ಲು. ಅದರಲ್ಲಿ ನಿಕ್ಕಲ್, ಕ್ರೋಮಿಯಂ, ತಾಮ್ರ ಹುಟ್ಟಿನಿಂದಲೇ ಜಾಸ್ತಿ. ಕಲ್ಲು ಸವೆದು ಮಣ್ಣಾದಾಗ ಅವೂ ಮಣ್ಣಿನಲ್ಲೇ ಉಳಿಯುತ್ತವೆ, ಹೆಚ್ಚಾಗಿ ಖನಿಜದೊಳಗೆ ಬಿಗಿಯಾಗಿ ಕೂತು. ಗಿಡಕ್ಕೆ ಸಿಗುವುದು ಕಡಿಮೆ. ಆದರೆ ಈ ಕಲ್ಲಿನಲ್ಲಿ ಸೀಸ ತೀರಾ ಕಡಿಮೆ. ಇಲ್ಲಿನ ಮಣ್ಣಿನಲ್ಲಿ ಸೀಸ ಕಿಲೋಗೆ ನೂರು ಮಿಲಿಗ್ರಾಂ ದಾಟಿತು ಅಂದರೆ ಅದನ್ನು ಮನುಷ್ಯರೇ ತಂದು ಹಾಕಿದ್ದು.

ನಾನು ಠಾಣೆ-ಬೇಲಾಪುರ ರಸ್ತೆಯ ಕಡೆ ಒಂದು ಖಾಸಗಿ ಲ್ಯಾಬಿನಲ್ಲಿ ಆಹಾರದ ಸ್ಯಾಂಪಲ್ ಪರೀಕ್ಷೆ ಮಾಡುತ್ತಿದ್ದವಳು. ಹಾಗಾಗಿ ಕಟ್ಟಡದ ಹಿಂದಿನ ಖಾಲಿ ಪಟ್ಟಿಯಲ್ಲಿ ತರಕಾರಿ ಬೆಳೆಯೋಣ ಅಂತ ತೀರ್ಮಾನವಾದಾಗ ಮಣ್ಣಿನ ಜವಾಬ್ದಾರಿ ನನ್ನ ಮೇಲೆ ಬಿತ್ತು. ಮೂರನೇ ಮಹಡಿಯ ವಿಜಯಪುರದ ಕಾಕಾ ಮಾತ್ರ ಮೊದಲಿನಿಂದಲೂ ನಗುತ್ತಿದ್ದರು. "ಏನವಾ, ನಾವು ಸಣ್ಣವರಿದ್ದಾಗ ಮಣ್ಣು ತಿಂದೇ ಬೆಳದೀವಿ. ಏನಾಗೇತಿ?"

"ಕಾಕಾ, ನಿಮ್ಮ ಹೊಲದ ಮೇಲೆ ನಾಲ್ಕು ಮಹಡಿ ಗ್ರಿಲ್‌ನ ಬಣ್ಣ ಕೆರೆದು ಬೀಳ್ತಿರಲಿಲ್ಲ ಅಲ್ವಾ?" ಅಂದೆ.

ಕಾಕಾ ಸರಕಾರದ ಮಣ್ಣಿನ ಆರೋಗ್ಯ ಕಾರ್ಡ್ ಸಾಕು ಅಂದಿದ್ದರು. ಆ ಕಾರ್ಡ್ ಒಳ್ಳೆಯದೇ. ಆದರೆ ಅದರಲ್ಲಿರುವ 12 ಅಂಶಗಳು ಬೆಳೆಗೆ ಬೇಕಾದವು: ಸಾರಜನಕ, ರಂಜಕ, ಪೊಟ್ಯಾಷ್, ಸತು, ಬೋರಾನ್, ಪಿಎಚ್, ಹೀಗೆ. ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಅದರಲ್ಲಿ ಬರುವುದಿಲ್ಲ. ಅವನ್ನು ಬೇರೆಯಾಗಿ, ಹೆಸರು ಹೇಳಿ ಕೇಳಬೇಕು. ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್ಎಬಿಎಲ್ ಒಪ್ಪಿದ ಲ್ಯಾಬ್ ಹುಡುಕಿ, ಆಸಿಡ್‌ನಲ್ಲಿ ಕರಗಿಸಿ, ತೀರಾ ಸಣ್ಣ ಪ್ರಮಾಣದ ಲೋಹವನ್ನೂ ಅಳೆಯುವ ಐಸಿಪಿ-ಎಂಎಸ್ ಯಂತ್ರದಲ್ಲಿ ಒಟ್ಟು ಲೋಹ ನೋಡಿ ಅಂತ ಬರೆದುಕೊಟ್ಟೆ. ಖರ್ಚನ್ನು ಮನೆಗಳು ಹಂಚಿಕೊಂಡವು.

ಸ್ಯಾಂಪಲ್ ತೆಗೆಯುವುದರಲ್ಲೇ ಅರ್ಧ ಕೆಲಸ ಇದೆ. ಹೊಲದಲ್ಲಾದರೆ ಹತ್ತು ಕಡೆ ಅಗೆದು ಎಲ್ಲ ಬೆರೆಸಿ ಒಂದು ಚೀಲ ಮಾಡುತ್ತಾರೆ. ಊರೊಳಗಿನ ಜಾಗಕ್ಕೆ ಅದು ಸರಿ ಹೋಗುವುದಿಲ್ಲ. ಗೋಡೆ ಬುಡದ ಮಣ್ಣು ಬೇರೆ, ರಸ್ತೆ ಬದಿಯದು ಬೇರೆ, ನಡುವಿನದು ಬೇರೆ. ಎಲ್ಲ ಬೆರೆಸಿದರೆ ಕೆಟ್ಟ ಜಾಗ ಸರಾಸರಿಯಲ್ಲಿ ಅಡಗಿ ಹೋಗುತ್ತದೆ. ಅದಕ್ಕೇ ಪಟ್ಟಿಯನ್ನು ಮೂರು ಭಾಗ ಮಾಡಿದೆ. ಪ್ರತಿ ಭಾಗದಲ್ಲಿ ಹಲವು ಕಡೆಯಿಂದ ಮೇಲಿನ ಆರು ಇಂಚಿನ ಮಣ್ಣು ತೆಗೆದು, ಆ ಭಾಗದ್ದು ಮಾತ್ರ ಬೆರೆಸಿದೆ. ಜೊತೆಗೆ ಗೋಡೆ ಬುಡದಲ್ಲಿ ಎರಡು ಅಡಿ ಆಳದಿಂದ ಇನ್ನೊಂದು ಚೀಲ. ತೋಟ ನೋಡಿಕೊಳ್ಳುವ ಮಾಳಿ ಮಣ್ಣು ಹೊರುವ ತನ್ನ ತಗಡಿನ ಬುಟ್ಟಿ, ಘಮೇಲಾ, ತಂದ. ಬೇಡ ಅಂದೆ, ಅದರ ಮೇಲಿನ ಸತುವಿನ ಲೇಪ ಸ್ಯಾಂಪಲ್‌ಗೆ ಸೇರುತ್ತದೆ. ಪ್ಲಾಸ್ಟಿಕ್ ಟಬ್, ಪ್ಲಾಸ್ಟಿಕ್ ಸಲಿಕೆ ಸಾಕು. ನೆರಳಲ್ಲಿ ಒಣಗಿಸಿ, ಕಲ್ಲು ಆರಿಸಿ, ನೈಲಾನ್ ಜರಡಿ ಹಿಡಿದು ಕಳಿಸಿದೆ.

ಆ ಆಳದ ಚೀಲ ಎಲ್ಲ ಗೊಂದಲ ಬಿಡಿಸಿತು. ನಿಕ್ಕಲ್, ಕ್ರೋಮಿಯಂ ಮೇಲೂ ಕೆಳಗೂ ಹೆಚ್ಚುಕಡಿಮೆ ಒಂದೇ. ಅಂದರೆ ಕಲ್ಲಿನದು. ಸೀಸ ಮಾತ್ರ ಮೇಲೆ ಮುನ್ನೂರು ದಾಟಿತ್ತು, ಕೆಳಗೆ ಇಪ್ಪತ್ತರ ಆಸುಪಾಸು. ಈ ಅಂಕಿಗಳೆಲ್ಲ ಒಂದು ಕಿಲೋ ಮಣ್ಣಿಗೆ ಇಷ್ಟು ಮಿಲಿಗ್ರಾಂ ಅಂತ. ಸೀಸ ಮಳೆಗೆ ಕೆಳಗೆ ಇಳಿಯುವ ಜಾತಿಯಲ್ಲ. ಬಿದ್ದಲ್ಲೇ ಮಣ್ಣಿಗೆ ಅಂಟಿಕೊಳ್ಳುತ್ತದೆ, ದಶಕಗಟ್ಟಲೆ ಹಾಗೇ ಇರುತ್ತದೆ.

ಎಲ್ಲಿಂದ ಬಂತು ಅನ್ನುವುದು ಕಷ್ಟದ ಪ್ರಶ್ನೆ ಆಗಿರಲಿಲ್ಲ. ನಮ್ಮದು ಎಂಬತ್ತರ ದಶಕದ ಕಟ್ಟಡ. ಕಬ್ಬಿಣದ ಗ್ರಿಲ್‌ಗಳಿಗೆ ಎಷ್ಟು ಸಲ ಬಣ್ಣ ಬಳಿದಿದ್ದಾರೋ, ಅಷ್ಟು ಸಲ ಹಳೆಯದನ್ನು ಉಜ್ಜಿ ಕೆಳಗೆ ಉದುರಿಸಿದ್ದಾರೆ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90) ದಾಟಬಾರದು ಅನ್ನುವ ನಿಯಮ ಬಂದಿದ್ದು 2016ರಲ್ಲಿ, ಜಾರಿಯಾಗಿದ್ದು 2017ರ ನವೆಂಬರ್‌ನಲ್ಲಿ. ಅದಕ್ಕೆ ಮೊದಲು ಹಳದಿ, ಕಿತ್ತಳೆ, ಹಸಿರು ಎನಾಮೆಲ್‌ಗಳಲ್ಲಿ ಧಾರಾಳವಾಗಿ ಇರುತ್ತಿತ್ತು. ಕಬ್ಬಿಣಕ್ಕೆ ಹಚ್ಚುತ್ತಿದ್ದ ಕೆಂಪು ಪ್ರೈಮರ್ ಎಲ್ಲವೂ ರೆಡ್ ಆಕ್ಸೈಡ್ ಅಲ್ಲ, ರೆಡ್ ಲೆಡ್ ಅನ್ನುವ ಸೀಸದ ಪ್ರೈಮರ್ ಕೂಡ ಇತ್ತು. ರಸ್ತೆ ಬದಿಯ ಮಣ್ಣಿನಲ್ಲಿ ನೂರಕ್ಕಿಂತ ಸ್ವಲ್ಪ ಮೇಲೆ ಇದ್ದುದಕ್ಕೆ ಹಳೆಯ ಪೆಟ್ರೋಲ್ ಕಾರಣ ಇರಬಹುದು. ಸೀಸದ ಪೆಟ್ರೋಲ್ ದೇಶದಲ್ಲಿ ನಿಂತಿದ್ದು 2000ದಲ್ಲಿ. ನಡುವಿನ ಭಾಗ ಚೆನ್ನಾಗಿತ್ತು.

ಮುನ್ನೂರು ಅಂದರೆ ಎಷ್ಟು ಕೆಟ್ಟದ್ದು? ನಮ್ಮ ಸಂಶೋಧಕರು ಸಾಮಾನ್ಯವಾಗಿ ಹಿಡಿಯುವ ಮಿತಿ 250ರಿಂದ 500. ಅಮೆರಿಕದವರು ಮನೆ ಅಂಗಳದ ಮಣ್ಣಿಗೆ 400 ಇಟ್ಟುಕೊಂಡಿದ್ದನ್ನು 2024ರಲ್ಲಿ 200ಕ್ಕೆ ಇಳಿಸಿದರು. ನಾನು ಚಿಕ್ಕ ಅಂಕಿಯನ್ನೇ ಹಿಡಿದೆ. ಕಾರಣ ತರಕಾರಿ ಅಲ್ಲ, ಮಕ್ಕಳು. ಹಿತ್ತಿಲಲ್ಲಿ ಕ್ರಿಕೆಟ್ ಆಡಿ, ಅದೇ ಕೈಯಲ್ಲಿ ವಡಾಪಾವ್ ತಿನ್ನುವ ಮಕ್ಕಳು. ಸೀಸ ಬೇರಿನಿಂದ ಎಲೆಗೆ, ಕಾಯಿಗೆ ಹೋಗುವುದು ಬಹಳ ಕಡಿಮೆ. ಅದು ನಮ್ಮ ಬಾಯಿಗೆ ಬರುವುದು ಧೂಳಾಗಿ: ಕೈಯಿಂದ, ಚಪ್ಪಲಿಯಿಂದ, ಮಳೆಗೆ ಸಿಡಿದು ಸೊಪ್ಪಿಗೆ ಅಂಟಿದ ಮಣ್ಣಿನಿಂದ. ಇದೊಂದು ಮಾತು ಅರ್ಥವಾದರೆ ಮುಂದೆ ಏನು ಮಾಡಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಗುಂಪಿನಲ್ಲಿ ಸೂರ್ಯಕಾಂತಿ ಹಾಕಿ, ಸಾಸಿವೆ ಹಾಕಿ, ಮಣ್ಣು ಶುದ್ಧವಾಗುತ್ತದೆ ಅನ್ನುವ ಫಾರ್ವರ್ಡ್‌ಗಳು ಬಂದವು. ಸೀಸದ ವಿಷಯದಲ್ಲಿ ಇದು ಸುಮ್ನೆ ಸಮಾಧಾನ. ಅದು ಕಾಂಡಕ್ಕೆ ಏರುವುದೇ ಬಹಳ ಕಡಿಮೆ, ಕಿತ್ತು ತೆಗೆಯುವುದು ಏನನ್ನು? ಆರ್ಸೆನಿಕ್‌ಗಾದರೆ ನಿಜವಾಗಿಯೂ ಒಂದು ಗಿಡ ಇದೆ, ಟೆರಿಸ್ ವಿಟ್ಟಾಟಾ ಅನ್ನುವ ಜರಿಗಿಡ. ಅದು ಆರ್ಸೆನಿಕ್ ಹೀರಿ ಎಲೆಯಲ್ಲಿ ತುಂಬಿಕೊಳ್ಳುತ್ತದೆ ಅಂತ 2001ರಲ್ಲಿ ಗೊತ್ತಾಯಿತು. ಮಳೆಗಾಲದಲ್ಲಿ ಹಳೆಯ ಗೋಡೆಗಳ ಬಿರುಕಿನಲ್ಲಿ ಏಳುವ ಉದ್ದೆಲೆಯ ಜರಿಗಿಡ ಅದೇ. ಆದರೆ ಅದಕ್ಕೂ ವರ್ಷಗಟ್ಟಲೆ ಬೇಕು. ಆಮೇಲೆ ವಿಷ ತುಂಬಿದ ಎಲೆಯನ್ನು ಎಲ್ಲಿ ಎಸೆಯುತ್ತೀರಿ?

ನಾವು ಮಾಡಿದ್ದು ಸರಳ. ಗೋಡೆ ಬುಡದಲ್ಲಿ ತಿನ್ನುವ ಯಾವುದನ್ನೂ ಹಾಕಲಿಲ್ಲ. ಗ್ರಿಲ್‌ನ ಸಡಿಲ ಬಣ್ಣವನ್ನು ನೀರು ಸಿಂಪಡಿಸಿ, ಕೆಳಗೆ ತಾಡಪಾಲು ಹಾಸಿ ತೆಗೆಸಿದೆವು. ಒಣಗಿದ್ದನ್ನು ಉಜ್ಜಿದರೆ ಧೂಳು ಎಲ್ಲರ ಕಿಟಕಿಗೆ. ಮಣ್ಣಿನ ಮೇಲೆ ಕಾಂಪೋಸ್ಟ್, ಅದರ ಮೇಲೆ ತೆಂಗಿನ ಗರಿ ದಪ್ಪಕ್ಕೆ ಹೊದಿಸಿ ದಾಸವಾಳ ನೆಟ್ಟೆವು. ಬರಿ ಮಣ್ಣು ಕಾಣಬಾರದು, ಅಷ್ಟೇ. ಮಕ್ಕಳು ಆಡುವ ಜಾಗಕ್ಕೆ ಪೇವರ್ ಹಾಸಿದೆವು.

ನಡುವಿನ ಭಾಗದಲ್ಲಿ ಇಟ್ಟಿಗೆ ಜೋಡಿಸಿ ಒಂದಡಿ ಎತ್ತರದ ಮಡಿ ಕಟ್ಟಿದೆವು. ಮಡಿಗೆ ಹಳೆಯ ಬಾಗಿಲಿನ ಹಲಗೆ ಬಳಸೋಣ ಅಂದವರಿದ್ದರು. ಬೇಡ ಅಂದೆ. ಹಳೆಯ ಬಣ್ಣ ಒಂದು ಕಾರಣ. ಹುಳ ಹಿಡಿಯದ ಹಾಗೆ ಔಷಧಿ ಕುಡಿಸಿದ ಮರದಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಮೂರೂ ಇರಬಹುದು ಅನ್ನುವುದು ಇನ್ನೊಂದು ಕಾರಣ. ಹೊರಗಿನಿಂದ ತಂದ ಮಣ್ಣು, ಗೊಬ್ಬರಗಳನ್ನೂ ಪರೀಕ್ಷೆ ಮಾಡಿಸಿದೆ. ನಗರದ ಕಸದ ಕಾಂಪೋಸ್ಟ್‌ಗೆ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಮಿತಿ ಇದೆ: ಕಿಲೋಗೆ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5. ಒಂದು ಕಡೆಯ ಗೊಬ್ಬರ ಸೀಸದಲ್ಲಿ ಅದನ್ನೂ ದಾಟಿತ್ತು, ಗಾಜಿನ ಚೂರು ಬೇರೆ. ವಾಪಸ್ ಕಳಿಸಿದೆವು. ಕೆಂಪು ಮಣ್ಣು ಶುದ್ಧವಾಗಿತ್ತು, ಆದರೆ ಹುಳಿ ಮಣ್ಣು, ಅಂದರೆ ಪಿಎಚ್ ಕಡಿಮೆ. ಹುಳಿ ಮಣ್ಣಿನಲ್ಲಿ ಕ್ಯಾಡ್ಮಿಯಂ ಸುಲಭವಾಗಿ ಗಿಡಕ್ಕೆ ಏರುತ್ತದೆ. ಅದಕ್ಕೇ ಕೃಷಿ ಸುಣ್ಣ ಸ್ವಲ್ಪ ಸ್ವಲ್ಪ ಬೆರೆಸಿ ಪಿಎಚ್ 6.5ರ ಮೇಲೆ ತಂದೆವು.

ಗಣಪತಿಯ ವಿಷಯವನ್ನೂ ಹೇಳಬೇಕು. ಶಾಡು ಅನ್ನುವ ಜೇಡಿಮಣ್ಣಿನ ಮೂರ್ತಿಯನ್ನು ಮನೆಯಲ್ಲೇ ಬಕೆಟ್‌ನಲ್ಲಿ ವಿಸರ್ಜಿಸಿ ಆ ಮಣ್ಣನ್ನು ತುಳಸಿ ಕುಂಡಕ್ಕೋ ಸೊಪ್ಪಿನ ಮಡಿಗೋ ಹಾಕುವುದು ಇಲ್ಲಿ ಈಗ ರೂಢಿ. ಮಣ್ಣು ಒಳ್ಳೆಯದೇ, ಅದರ ಮೇಲಿನ ಹೊಳೆಯುವ ಬಣ್ಣದ್ದೇ ಅನುಮಾನ. ಬಣ್ಣವಿಲ್ಲದ ಮೂರ್ತಿಯ ಮಣ್ಣಾದರೆ ಮಡಿಗೆ, ಬಣ್ಣದ್ದಾದರೆ ದಾಸವಾಳದ ಬುಡಕ್ಕೆ ಅಂತ ಮಾಡಿದೆವು. ಯಾರೂ ಬೇಜಾರಾಗಲಿಲ್ಲ.

ಬೆಳೆ ಆರಿಸುವಾಗ ಉಡುಪಿ ಕಡೆಯವರಾದ ನಮಗೂ ವಿಜಯಪುರದವರಿಗೂ ಸ್ವಲ್ಪ ಎಳೆದಾಟ ಆಯಿತು. ಅವರಿಗೆ ಮೆಂತ್ಯ, ಪಾಲಕ್ ಬೇಕು. ನಮಗೆ ಬಸಳೆ, ಹರಿವೆ. ಲೋಹದ ಲೆಕ್ಕದಲ್ಲಿ ಬೆಂಡೆ, ಬದನೆ, ಅಲಸಂದೆ, ಹೀರೆಯಂಥ ಕಾಯಿಗಳು ಎಲ್ಲಕ್ಕಿಂತ ಕ್ಷೇಮ. ನಂತರ ಬಸಳೆ. ಚಪ್ಪರಕ್ಕೆ ಹಬ್ಬಿದರೆ ಎಲೆ ನೆಲದಿಂದ ಮೇಲೆ ಇರುತ್ತದೆ, ಮಣ್ಣು ಸಿಡಿಯುವುದಿಲ್ಲ. ಪಾಲಕ್, ಹರಿವೆ ನೆಲಕ್ಕೆ ಅಂಟಿಕೊಂಡೇ ಬೆಳೆಯುತ್ತವೆ, ಕ್ಯಾಡ್ಮಿಯಂ ಇದ್ದರೆ ಚೆನ್ನಾಗಿ ಹೀರುತ್ತವೆ. ಅವಕ್ಕೆ ಎತ್ತರದ ಮಡಿ ಮಾತ್ರ.

ಕುತೂಹಲಕ್ಕೆ ಅಂತ ರಸ್ತೆ ಬದಿಯ ಮಣ್ಣಿನಲ್ಲಿ ಒಂದಿಷ್ಟು ಹರಿವೆ ಬೆಳೆದು, ತೊಳೆಯದ್ದು ಒಂದು, ಟಬ್ಬಿನಲ್ಲಿ ನೀರು ಬದಲಿಸಿ ಬದಲಿಸಿ ತೊಳೆದದ್ದು ಒಂದು ಲ್ಯಾಬಿಗೆ ಕೊಟ್ಟೆ. ಸೀಸ ತೊಳೆದದ್ದರಲ್ಲಿ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಕ್ಯಾಡ್ಮಿಯಂ ಕದಲಲಿಲ್ಲ. ಅದು ಮೇಲೆ ಅಂಟಿದ್ದಲ್ಲ, ಎಲೆಯ ಒಳಗೇ ಇರುವುದು. ಸೊಪ್ಪಿನಲ್ಲಿ ಕೋಡೆಕ್ಸ್ ಅನ್ನುವ ಅಂತರರಾಷ್ಟ್ರೀಯ ಆಹಾರ ಮಾನದಂಡದ ಮಿತಿ ಕಿಲೋಗೆ ಸೀಸ 0.3 ಮಿಲಿಗ್ರಾಂ, ಕ್ಯಾಡ್ಮಿಯಂ 0.2. ತೊಳೆದದ್ದು ಎರಡರಲ್ಲೂ ಒಳಗಿತ್ತು.

ಆಗ ಎಲ್ಲರ ಪ್ರಶ್ನೆ ರೈಲು ಹಳಿ ಪಕ್ಕದ ಭಾಜಿಯ ಕಡೆ ತಿರುಗಿತು. ಲೋಕಲ್‌ನಲ್ಲಿ ಓಡಾಡುವವರೆಲ್ಲ ಆ ಪಾಲಕ್ ಮಡಿಗಳನ್ನು ನೋಡಿರುತ್ತಾರೆ. ಕಾರ್ಖಾನೆ ನೀರು ಸೇರುವ ನಾಲೆಯಿಂದ ಹಾಯಿಸಿದ್ದಾದರೆ ತೊಳೆದು ಪ್ರಯೋಜನ ಕಡಿಮೆ. ಸೊಪ್ಪಿನ ಬಣ್ಣ ನೋಡಿ ಯಾರೂ ಹೇಳಲಾರರು. ನಾನು ಮಾಡುವುದಿಷ್ಟೇ, ದಿನಾ ಪಾಲಕ್ ತರುವುದಿಲ್ಲ, ಸೊಪ್ಪು ಬದಲಿಸುತ್ತೇನೆ, ಅಂಗಡಿಯನ್ನೂ ಬದಲಿಸುತ್ತೇನೆ.

ಆರ್ಸೆನಿಕ್ ನಮ್ಮ ಮಣ್ಣಿನಲ್ಲಿ ಐದಕ್ಕಿಂತ ಕಡಿಮೆ, ಬೋರ್‌ವೆಲ್ ನೀರಿನಲ್ಲೂ ಲೀಟರಿಗೆ 0.01 ಮಿಲಿಗ್ರಾಂ ಮಿತಿಯ ಒಳಗೆ. ಆ ಹೆಸರು ಕೇಳಿ ಬೆಚ್ಚಿದ್ದು ನಮ್ಮ ಮಾಳಿ ಒಬ್ಬನೇ. ಅವನದು ಯಾದಗಿರಿಯ ಸುರಪುರ ಕಡೆ. ಅಲ್ಲಿನ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನ ಆರ್ಸೆನಿಕ್‌ನಿಂದ ಜನರ ಅಂಗೈ, ಅಂಗಾಲು ಗಂಟುಗಟ್ಟಿದ್ದು ಅವನಿಗೆ ಗೊತ್ತಿತ್ತು. ಚಿನ್ನದ ಅದಿರಿನ ಜೊತೆ ಆರ್ಸೆನಿಕ್ ಇರುವುದು ಸಾಮಾನ್ಯ, ಆ ಕಡೆ ಹಳೆಯ ಚಿನ್ನದ ಗಣಿ ಇದೆ. ಇಲ್ಲಿ ಕಲ್ಲು ಬೇರೆ ಅಂತ ವಿವರಿಸಿದ ಮೇಲೆ ಅವನು ಬೋರ್ ನೀರು ಕುಡಿದ.

ನಮಗೆ ಆರ್ಸೆನಿಕ್ ಬರುವುದಿದ್ದರೆ ಅಕ್ಕಿಯಿಂದ. ನೀರು ನಿಂತ ಗದ್ದೆಯಲ್ಲಿ ಮಣ್ಣಿಗೆ ಗಾಳಿ ಸಿಗದೆ, ಕಬ್ಬಿಣಕ್ಕೆ ಅಂಟಿದ್ದ ಆರ್ಸೆನಿಕ್ ಬಿಡಿಸಿಕೊಂಡು ನೀರಿಗೆ ಬರುತ್ತದೆ. ಭತ್ತದ ಬೇರು ಸಿಲಿಕಾ ಎಳೆದುಕೊಳ್ಳುವ ದಾರಿಯಲ್ಲೇ ಅದನ್ನೂ ಎಳೆದುಕೊಳ್ಳುತ್ತದೆ. ತವಡಿನಲ್ಲಿ ಜಾಸ್ತಿ ಕೂರುತ್ತದೆ. ನಾನು ಕುಕ್ಕರ್ ಬಿಟ್ಟು ಬಸಿದ ಅನ್ನಕ್ಕೆ ಮರಳಿದ್ದೇನೆ: ಅಕ್ಕಿಯ ಆರು ಪಟ್ಟು ನೀರಿನಲ್ಲಿ ಬೇಯಿಸಿ ಗಂಜಿ ಚೆಲ್ಲುವುದು. ಇದರಿಂದ ಅರ್ಧದಷ್ಟು ಹೋಗುತ್ತದೆ, ಜೊತೆಗೆ ಬಿ ವಿಟಮಿನ್ ಕೂಡ ಸ್ವಲ್ಪ ಹೋಗುತ್ತದೆ. ನಮ್ಮ ಅತ್ತೆ ಬಸಿದ ಗಂಜಿಗೆ ಉಪ್ಪು ಹಾಕಿ ಕುಡಿಯುತ್ತಾರೆ. ಎಂಬತ್ತೈದು ವಯಸ್ಸಿನವರಿಗೆ ನಾನು ಏನೂ ಹೇಳಲು ಹೋಗಿಲ್ಲ.

ಈಗ ಕಟ್ಟಡ ರೀಡೆವಲಪ್‌ಮೆಂಟ್‌ಗೆ ಹೋಗುತ್ತಿದೆ, ಅಂದರೆ ಕೆಡವಿ ಹೊಸದು ಕಟ್ಟುತ್ತಾರೆ. ಗೋಡೆ ಬುಡದ ಮೇಲಿನ ಒಂದಡಿ ಮಣ್ಣನ್ನು ನೀರು ಹಾಕಿಯೇ ಅಗೆಯಬೇಕು, ಬೇರೆಯಾಗಿ ಸಾಗಿಸಬೇಕು, ತೋಟಕ್ಕೋ ನರ್ಸರಿಗೋ ಮಾರುವ ಹಾಗಿಲ್ಲ ಅಂತ ಕರಾರಿನಲ್ಲಿ ಒಂದು ಸಾಲು ಸೇರಿಸಿದ್ದೇವೆ. ಸಭೆಯಲ್ಲಿ ಆ ಸಾಲಿಗಾಗಿ ಎಲ್ಲರಿಗಿಂತ ಜೋರಾಗಿ ವಾದ ಮಾಡಿದ್ದು ವಿಜಯಪುರದ ಕಾಕಾ. ಬಿಲ್ಡರ್ ಇನ್ನೂ ಒಪ್ಪಿಲ್ಲ.