ಡೀಸೆಲ್ ರೈಡ್-ಆನ್ ಮೊವರ್ 20 ನಿಮಿಷಕ್ಕೇ ನಿಲ್ಲುತ್ತಿತ್ತು: ಸರಿಯಾಗಿದ್ದು ಹೀಗೆ

ಮೊವರ್ (ಮೇಲೆ ಕೂತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರ) ಸುಲಭವಾಗಿ ಸ್ಟಾರ್ಟ್ ಆಗುತ್ತಿತ್ತು. 20 ನಿಮಿಷ ಹುಲ್ಲು ಕತ್ತರಿಸಿದ ಮೇಲೆ ಎಂಜಿನ್ ನಿಧಾನಕ್ಕೆ ಸೊರಗಿ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತಿತ್ತು.

ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಬದಲಿಸಿದೆ. ಡೀಸೆಲ್ ಪೈಪಿನಲ್ಲಿ ಸೇರಿದ ಗಾಳಿ ತೆಗೆದೆ. ಪ್ರಯೋಜನ ಆಗಲಿಲ್ಲ. ಸೀಟ್ ಸ್ವಿಚ್ (ಸೀಟಿನಿಂದ ಎದ್ದರೆ ಎಂಜಿನ್ ನಿಲ್ಲಿಸುವ ಸುರಕ್ಷತಾ ಸ್ವಿಚ್) ಕೆಟ್ಟಿದ್ದರೆ ಎಂಜಿನ್ ಥಟ್ಟನೆ ನಿಲ್ಲುತ್ತೆ, ಹೀಗೆ ಸೊರಗುವುದಿಲ್ಲ. ಆ ಸ್ವಿಚ್ಚನ್ನು ಬೈಪಾಸ್ ಮಾಡಲು (ತಪ್ಪಿಸಿ ವೈರ್ ಜೋಡಿಸಲು) ಹೋಗಲೇಬೇಡಿ.

ತೊಂದರೆ ಇದ್ದದ್ದು ಟ್ಯಾಂಕ್ ಮುಚ್ಚಳದಲ್ಲಿ! ಗಾಳಿಯ ಸಣ್ಣ ತೂತು ಹುಲ್ಲಿನ ಪುಡಿಯಿಂದ ಕಟ್ಟಿತ್ತು. ಒಳಗೆ ಗಾಳಿ ಹೋಗದೆ ಪಂಪಿಗೆ ಡೀಸೆಲ್ ಎಳೆಯಲು ಆಗುತ್ತಿರಲಿಲ್ಲ.

ಪರೀಕ್ಷೆ ಹೀಗೆ: ಎಂಜಿನ್ ಸೊರಗಿದ ಕೂಡಲೇ ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಮೊದಲು ಬ್ಲೇಡ್ ಆಫ್, ಆಮೇಲೆ ಪಾರ್ಕಿಂಗ್ ಬ್ರೇಕ್, ಎಂಜಿನ್ ಆಫ್, ಕೀ ಹೊರಗೆ. ಬ್ಲೇಡ್ ಪೂರ್ತಿ ನಿಂತ ಮೇಲಷ್ಟೇ ಇಳಿಯಿರಿ. ಎಂಜಿನ್ ತಣ್ಣಗಾದ ಮೇಲೆ ಮುಚ್ಚಳ ನಿಧಾನವಾಗಿ ತಿರುಗಿಸಿ. ‘ಉಸ್’ ಅಂತ ಗಾಳಿ ಒಳಗೆ ಎಳೆದರೆ ಇದೇ ಕಾರಣ. ಮುಚ್ಚಳವನ್ನು ಶುದ್ಧ ಡೀಸೆಲ್‌ನಲ್ಲಿ ತೊಳೆದು, ಒಳಗಿನಿಂದ ಹೊರಕ್ಕೆ ಗಾಳಿ ಊದಿ, ಒಣಗಿಸಿ ಹಾಕಿ.