ಬಣ್ಣದ ಹುಳಿಸೊಪ್ಪನ್ನು ಮಳೆಗಾಲ ದಾಟಿಸುವುದು

ನೇತು ಕುಂಡದಿಂದ ಕಿತ್ತಳೆ, ಹಳದಿ, ಕಡುಗೆಂಪು ಎಲೆಗಳು ಇಳಿಬೀಳುವ ಆಕ್ಸಾಲಿಸ್ ನಮ್ಮ ಅಂಗಳದ ಹುಳಿಸೊಪ್ಪಿನ ನೆಂಟ. ಅದೇ ಮೂರೆಲೆ, ಅದೇ ಪುಟ್ಟ ಹಳದಿ ಹೂ. ಮಧ್ಯ ಅಮೆರಿಕದ ತಂಪು ಬೆಟ್ಟಗಳ ಗಿಡವಾದ್ದರಿಂದ ಶಿರಸಿಗೆ ಬೇಗ ಒಗ್ಗುತ್ತದೆ, ಕಾರವಾರದ ಮೇ ಸೆಕೆಗೆ ಸೊರಗುತ್ತದೆ. ಆದರೂ ಸೆಕೆಗಿಂತ ಮಳೆಯೇ ಇದಕ್ಕೆ ದೊಡ್ಡ ಶತ್ರು. ಚಿಟ್ಟೆಯಂಥ ನೇರಳೆ ಎಲೆಯ ಆಕ್ಸಾಲಿಸ್‌ಗೆ ಮಣ್ಣೊಳಗೆ ಗಡ್ಡೆಯಿರುತ್ತದೆ, ಒಣಗಿದರೂ ಮತ್ತೆ ಚಿಗುರುತ್ತದೆ. ಇಳಿಬೀಳುವ ಈ ಜಾತಿಗೆ ಗಡ್ಡೆಯಿಲ್ಲ. ಬುಡ ಕೊಳೆತರೆ ಮುಗಿಯಿತು.

ಆರರಿಂದ ಎಂಟು ಇಂಚಿನ ಕುಂಡ ಸಾಕು, ತಳದಲ್ಲಿ ತೂತು ಬೇಕೇ ಬೇಕು. ಜರಡಿ ಹಿಡಿದ ಕೆಂಪು ಮಣ್ಣು, ಎಲೆಗೊಬ್ಬರ, ತೆಂಗಿನ ನಾರಿನ ಪುಡಿ ತಲಾ ಒಂದು ಪಾಲು, ದಪ್ಪ ಹೊಳೆ ಮರಳು ಅರ್ಧ ಪಾಲು. ನಾರಿನ ಪುಡಿಯನ್ನು ಎರಡು ಸಲ ನೀರಲ್ಲಿ ನೆನೆಸಿ ಹಿಂಡಿ, ಅದರಲ್ಲಿ ಉಪ್ಪಿರುತ್ತದೆ. ಅದೇ ಕಾರಣಕ್ಕೆ ಸಮುದ್ರದ ಮರಳು ಬೇಡ. ಕಡಲಿಗೆ ಎದುರಾದ ಜಗಲಿಯಲ್ಲಿ ಉಪ್ಪುಗಾಳಿಗೆ ಎಲೆಯಂಚು ಸುಡುತ್ತದೆ, ಕುಂಡವನ್ನು ಹಿಂಬದಿಗೆ ತೂಗುಹಾಕಿ.

ಬಣ್ಣ ಬರುವುದು ಬೆಳಕಿನಿಂದ. ಬೆಳಗಿನ ಎರಡು-ಮೂರು ತಾಸಿನ ಎಳೆಬಿಸಿಲು ಸರಿಯಾದ ಅಳತೆ. ಮನೆಯೊಳಗಾದರೆ ಪೂರ್ವದ ಕಿಟಕಿಗೆ ತಾಗಿಸಿಡಿ; ಎಲೆ ಹಸಿರಾಗಿ ದಂಟು ಉದ್ದವಾದರೆ ಬೆಳಕು ಸಾಲದು ಎಂದರ್ಥ. ಗೊಬ್ಬರ ಹೆಚ್ಚಾದರೂ ಬಣ್ಣ ಮಾಸುತ್ತದೆ, ತಿಂಗಳಿಗೊಮ್ಮೆ ಒಂದು ಹಿಡಿ ಎರೆಗೊಬ್ಬರ ಸಾಕು. ಸಂಜೆ ಎಲೆ ಮಡಚಿಕೊಂಡರೆ ಬಾಡಿತೆಂದು ನೀರು ಸುರಿಯಬೇಡಿ, ರಾತ್ರಿ ಎಲೆ ಮಡಚುವುದು ಅದರ ಗುಣ.

ಮೇಲಿನ ಒಂದು ಇಂಚು ಮಣ್ಣು ಒಣಗಿದ ಮೇಲೆಯೇ ನೀರು. ಬೇಸಿಗೆಯಲ್ಲಿ ದಿನ ಬಿಟ್ಟು ದಿನ ಬೇಕಾದೀತು, ಆಷಾಢದಲ್ಲಿ ವಾರಕ್ಕೊಮ್ಮೆಯೂ ಬೇಕಾಗದು. ಮಣ್ಣು ಒದ್ದೆಯಿದ್ದೂ ಗಿಡ ಜೋಲುಬಿದ್ದರೆ ಬೇರು ಕೊಳೆತಿದೆ. ಆಗ ನೀರು ಹಾಕುವುದು ಬಿಟ್ಟು, ಕಪ್ಪಾದ ಭಾಗಕ್ಕಿಂತ ಮೇಲೆ ಕತ್ತರಿಸಿ, ಗಟ್ಟಿ ತುದಿಗಳನ್ನು ಉಳಿಸಿಕೊಳ್ಳಿ.

ಇದಕ್ಕಿಂತ ಮೊದಲೇ ಎಚ್ಚರ ವಹಿಸುವುದು ಮೇಲು. ಮೇ ಕೊನೆಯಲ್ಲಿ ಗಿಡವನ್ನು ಅರ್ಧಕ್ಕೆ ಸವರಿ, ಗಾಳಿಯಾಡುವ ಮಾಡಿನಡಿಗೆ ತನ್ನಿ. ಸವರಿದ ಮೂರಿಂಚಿನ ತುದಿಗಳ ಕೆಳಗಿನ ಎಲೆ ತೆಗೆದು, ಎರಡು ಗಿಣ್ಣು ಮುಚ್ಚುವಷ್ಟು ಆಳಕ್ಕೆ ಬೇರೆ ಕುಂಡದಲ್ಲಿ ನೆಡಿ. ನೆರಳಲ್ಲಿ ಎರಡು-ಮೂರು ವಾರಕ್ಕೆ ಬೇರು ಬಿಡುತ್ತವೆ. ದಂಟು ಬಲು ಪೆಡಸು, ಮುಟ್ಟಿದರೆ ಮುರಿಯುತ್ತದೆ. ಮುರಿದದ್ದನ್ನೂ ಎಸೆಯಬೇಡಿ, ನೆಡಿ.

ಎಲೆಯಡಿ ಕಿತ್ತಳೆ ಪುಡಿ ಕಂಡರೆ ಅದು ತುಕ್ಕು ರೋಗ, ಆ ಎಲೆಗಳನ್ನು ಕಿತ್ತು ಸುಡಿ. ಒಣಹವೆಯಲ್ಲಿ ಸಣ್ಣ ಬಲೆ ಕಟ್ಟುವ ನುಸಿಗೆ ಲೀಟರ್ ನೀರಿಗೆ 3 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸೋಪುದ್ರಾವಣ ಬೆರೆಸಿ ಸಂಜೆ ಎಲೆಯಡಿಗೆ ಸಿಂಪಡಿಸಿ.

ಹುಳಿಸೊಪ್ಪಿನ ನೆಂಟನೆಂದು ತಂಬುಳಿಗೆ ಹಾಕುವ ಆಸೆ ಬೇಡ. ಆಕ್ಸಾಲಿಕ್ ಆಮ್ಲವೂ ಇದೆ, ನರ್ಸರಿಯ ಔಷಧವೂ ಇರುತ್ತದೆ. ಬೆಕ್ಕು, ಕರುಗಳಿಗೂ ಎಟುಕದಂತೆ ತೂಗುಹಾಕಿ. ಕುಂಡದಲ್ಲಿ ಊರ ಹುಳಿಸೊಪ್ಪು ತಾನಾಗಿ ಎದ್ದರೆ ಕಾಯಿ ಕಟ್ಟುವ ಮೊದಲೇ ಕೀಳಿ. ಕಾಯಿ ಸಿಡಿದರೆ ಪಕ್ಕದ ಕುಂಡಗಳಲ್ಲೂ ಅದರದೇ ಮೊಳಕೆ.